ಪ್ರೀತಿಯ ಸಹಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಬೇಗ ಸ್ನಾನಕ್ಕೆ ಏಳುತ್ತಿರಲಿಲ್ಲ. ವಕೀಲರಾದ ಅಪ್ಪ ಹೊಸ ತೀರ್ಪುಗಳ ಮೇಲೆ ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದರು. ಅಚ್ಚಿಗೆ ಕಳಿಸುವ ಮುಂಚೆ ಅದನ್ನು ನಡುಮನೆಯಲ್ಲಿ ನಮಗೆಲ್ಲ ಓದಿ ಹೇಳಲೇಬೇಕು. ಕಿಟಕಿಯ ಬೆಳಕಿನಲ್ಲಿ, ಹೊಲಿಗೆ ಯಂತ್ರದ ಮುಂದೆ ಅತ್ತೆ. ಅಪ್ಪನ ತಂಗಿ. ಗಂಡ ಹೋದ ಮೇಲೆ ಹುಟ್ಟಿದ ಮನೆಗೇ ಬಂದು, ಬೀದಿಯ ಮಕ್ಕಳಿಗೆಲ್ಲ ಅಂಗಿ ಹೊಲಿಯುತ್ತಿದ್ದರು.

ಓದು ಮುಗಿದೊಡನೆ ಅತ್ತೆ ತುಟಿಯಲ್ಲಿ ಕಚ್ಚಿದ್ದ ಸೂಜಿ ತೆಗೆದು, ಮೊಕದ್ದಮೆ ಹೂಡಿದ ಹೆಂಗಸಿನ ಬಗ್ಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಅಣ್ಣಾ, ಆಮೇಲೆ ಆಕೆ ಮನೆಗೆ ಹೋದ್ಳಾ?"

"ಅದನ್ನೆಲ್ಲ ತೀರ್ಪಲ್ಲಿ ಬರೆಯಲ್ಲ ಕಣೇ."

"ಮತ್ತೆ ಇಷ್ಟುದ್ದ ಏನು ಬರೀತಾರೆ, ಮಹರಾಯ್ರು?"

ಎಲ್ಲರೂ ನಗುತ್ತಿದ್ದೆವು. ಆ ನಗು, ಯಂತ್ರದ ಆ ಟಕಟಕ ಈಗಲೂ ಕಿವಿಯಲ್ಲಿವೆ.

ತಾತ ತೀರಿಕೊಂಡ ವರ್ಷ ಅಪ್ಪ ಅತ್ತೆಯಿಂದ 'ಪ್ರೀತಿಯ ಸಹಿ' ಹಾಕಿಸಿಕೊಂಡರು. ಮನೆಯ ಮೇಲಿನ ಹಕ್ಕನ್ನು ಸಂತೋಷದಿಂದ ಬಿಟ್ಟಿದ್ದೇವೆಂದು ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಬರೆದುಕೊಡುವ ವಾಡಿಕೆಗೆ ನಮ್ಮ ಮನೆತನದಲ್ಲಿ ಆ ಹೆಸರು. ಪ್ರೀತಿಯೇ ಆಗಿದ್ದರೆ ಅದಕ್ಕೆ ಇಬ್ಬರು ಸಾಕ್ಷಿಗಳೇಕೆ, ಅಕ್ಕತಂಗಿಯರೇ, ನೀವೇ ಹೇಳಿ.

"ನಿನ್ನನ್ನೇನು ಹೊರಗೆ ಹಾಕ್ತೀವಾ?" ಎಂದು ಅಪ್ಪ ನಕ್ಕಿದ್ದರು. ಹಾಕಲಿಲ್ಲ. ಕಿಟಕಿಯ ಬಳಿಗೆ ಅಪ್ಪನ ಪುಸ್ತಕದ ಬೀರು ಬಂತು, ಯಂತ್ರ ಹಿಂದಿನ ವರಾಂಡಕ್ಕೆ ಹೋಯಿತು. ಕಕ್ಷಿದಾರರ ಮಾತಿಗೆ ಅದರ ಸದ್ದು ಅಡ್ಡಿಯಾಯಿತು. ಕೊನೆಗೆ ಅತ್ತೆಯೇ ಬೀದಿಯಾಚೆ ಒಂದು ಬಾಡಿಗೆ ಕೋಣೆ ಹಿಡಿದರು. ಯಾರೂ ಹೋಗು ಅಂದಿರಲಿಲ್ಲ. ನಮ್ಮ ಮನೆಯ ಮರ್ಯಾದೆ ಅಂಥದ್ದು. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಅವರು ತೀರಿಹೋದಾಗ, ಯಂತ್ರದ ಮೇಲೆ ಅರ್ಧ ಹೊಲಿದ ಒಂದು ಮಗುವಿನ ಅಂಗಿ ಇತ್ತು. ಯಂತ್ರ ಮತ್ತೆ ನಮ್ಮ ವರಾಂಡಕ್ಕೆ ಬಂತು. ಅತ್ತೆ ಬರಲಿಲ್ಲ.

ಹೋದ ತಿಂಗಳು ಮೇಲಿನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು: ಮಗಳ ಪಾಲನ್ನು ವಾಡಿಕೆ ನುಂಗುವಂತಿಲ್ಲ. ಅದರ ಮೇಲೆ ಅಪ್ಪ ಬರೆದದ್ದನ್ನು ಓದಿದವರೆಲ್ಲ ಹೊಗಳಿದರು. ಅದೇ ವಾರ ನನ್ನ ಮದುವೆ ಗೊತ್ತಾಯಿತು. ಅಪ್ಪ ನನ್ನ ಮುಂದೆ ಕಾಗದ ಇಟ್ಟರು.

"ಒಂದು ಸಹಿ ಹಾಕಮ್ಮ. ತಮ್ಮನ ಮೇಲೆ ಪ್ರೀತಿ ಇಲ್ವಾ?"

"ಇದೆ. ಅವನಿಗೂ ನನ್ನ ಮೇಲಿದ್ರೆ ಅವನೂ ಒಂದು ಹಾಕ್ಲಿ ಬಿಡಿ."

ತಮ್ಮ ಕಾಫಿ ಲೋಟದೊಳಗೆ ಮುಖ ಹುದುಗಿಸಿದ.

"ವಾಡಿಕೆ ಅನ್ನೋದು ಅನ್ಯಾಯಕ್ಕೆ ತೊಡಿಸಿದ ಅಂಗಿ ಅಂತ ನೀವೇ ಬರೆದಿದ್ರಲ್ಲ, ಅಪ್ಪಾ?"

"ಅದು ಕಾನೂನಿನ ಮಾತು. ಇದು ಮನೆ ಮಾತು. ನಿಮ್ಮತ್ತೆ ಎದುರು ಮಾತಾಡದೆ ಹಾಕಿದ್ಲು."

"ಹಾಕಿದ್ದಕ್ಕೇ ಅವರು ಬೀದಿಯಾಚೆ ಸತ್ತಿದ್ದು."

ಅಪ್ಪ ಕನ್ನಡಕ ತೆಗೆದರು. ಅದನ್ನು ಒರೆಸುತ್ತ ಕೇಳಿದರು. "ಹಾಗಾದ್ರೆ ಹೆತ್ತಪ್ಪನ ಮೇಲೆ ಕೇಸು ಹಾಕ್ತೀಯಾ?"

"ಯಾಕೆ ಹಾಕ್ಲಿ? ಇದು ನನ್ನ ಮನೆ. ಇಲ್ಲೇ ಇದೀನಿ. ಸಹಿ ಮಾತ್ರ ಹಾಕಲ್ಲ."

ಪೆನ್ನಿಗೆ ಮುಚ್ಚಳ ಹಾಕಿ ಅಪ್ಪನ ಜೇಬಿಗೇ ಸಿಕ್ಕಿಸಿದೆ. ವರಾಂಡಕ್ಕೆ ಹೋಗಿ ಯಂತ್ರದ ಮೇಲಿನ ಧೂಳು ಕೊಡವಿ ಎಳೆದೆ. ಅರ್ಧ ದಾರಿಯಲ್ಲಿ ತಮ್ಮ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ನಡುಮನೆಯಲ್ಲಿ ಏದುಸಿರು ಬಿಡುತ್ತ ನಿಂತಾಗ ಅಪ್ಪ ನಮ್ಮ ಕಡೆ ನೋಡದೆಯೇ ಗೊಣಗಿದರು.

"ಬೀರು ಸರಿಸದೆ ಅದು ಅಲ್ಲಿ ಹಿಡಿಯಲ್ಲ."

ಸರಿಸಿದೆವು. ಕಿಟಕಿ ಕಿರುಗುಟ್ಟಿಕೊಂಡೇ ತೆರೆಯಿತು. ಬೆಳಕು ಹಳೆಯ ಜಾಗವನ್ನು ಮರೆತಿರಲಿಲ್ಲ, ನೇರ ಸೂಜಿಯ ಮೇಲೆಯೇ ಬಿತ್ತು.

ಆಮೇಲೆ ಆಕೆ ಮನೆಗೆ ಹೋದ್ಳಾ ಅಂತ ಕೇಳ್ತಿದ್ರಲ್ಲ ಅತ್ತೆ, ಈ ಸಲ ಆಕೆ ಮನೆ ಬಿಟ್ಟೇ ಇಲ್ಲ.