ಮುರಿಯಬೇಕಿದ್ದ ಪಿನ್ನು

ಪಕ್ಕದ ಮನೆಯ ಸುಲೋ ತನ್ನ ಹಿಮ ಎಸೆಯುವ ಯಂತ್ರಕ್ಕೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅದು ಮೇ ತಿಂಗಳಲ್ಲಿ ಮಾಡುವ ಕೆಲಸ. ಜನವರಿಯಲ್ಲಿ, ದೊಡ್ಡ ಸರೋವರದ ಕಡೆಯಿಂದ ದಿನ ಬೆಳಗಾದರೆ ಹಿಮ ಬಂದು ಬೀಳುವಾಗ, ನಮ್ಮೂರಲ್ಲಿ ಬುದ್ಧಿ ನೆಟ್ಟಗಿರುವವರು ಯಾರೂ ಹಾಗೆ ಮಾಡುವುದಿಲ್ಲ.

"ಹೆಣಕ್ಕೆ ಹೊದಿಸಿದ ಹಾಗೆ ಹೊದಿಸ್ತಿದಾರೆ," ಎಂದಳು ನನ್ನ ಹೆಂಡತಿ ಡಾರ್ಲೀನ್. "ನೋಡು, ಕಣ್ತುಂಬ ನೋಡು. ನಿನ್ನ ಬೋಲ್ಟಿನ ಮಹಿಮೆ."

"ಹಾಕಿದ್ದು ನೀನು."

"ಹಾಕು ಅಂದಿದ್ದು ಯಾರು?"

ಒಂದು ವಾರದಿಂದ ನಮ್ಮ ಮನೆಯಲ್ಲಿ ಇದೊಂದೇ ಮಾತು. ಊಟಕ್ಕೆ ಕೂತರೂ ಇದೇ, ಸೌನಾದ ಬಿಸಿ ಹಬೆಯಲ್ಲಿ ಬೆವರುತ್ತ ಕೂತರೂ ಇದೇ. ಗೆದ್ದವರು ಮಾತ್ರ ಯಾರೂ ಇಲ್ಲ.

ಆದದ್ದು ಇಷ್ಟು. ಕ್ರಿಸ್‌ಮಸ್ ಕಳೆದ ಮೇಲೆ ನನ್ನ ಸೊಂಟ ಹಿಡಿದುಕೊಂಡು ನಾನು ಸೋಫಾ ಪಾಲಾದೆ. ಅದೇ ಹೊತ್ತಿಗೆ ಸುಲೋ ತನ್ನ ಹೆಂಡತಿ ಎಲ್ಮಾಳ ಕಣ್ಣಿನ ಆಪರೇಷನ್ನಿಗೆಂದು ದೂರದ ಆಸ್ಪತ್ರೆಗೆ ಹೊರಟ. ಹೊರಡುವ ಮುಂಚೆ ಶೆಡ್ಡಿನ ಕೀಲಿ ತಂದುಕೊಟ್ಟು, "ನಿಮ್ಮ ಯಂತ್ರ ಆಟದ ಸಾಮಾನು, ಈ ಹಿಮಕ್ಕೆ ಸಾಲಲ್ಲ. ನಂದು ತಗೊಳ್ಳಿ," ಎಂದ. ಸುಲೋ ಯಾರಿಗೂ ಕೊಡದ ಯಂತ್ರ ಅದು. ಊರಿನ ಗಣಿ ನಡೆಯುತ್ತಿದ್ದ ಕಾಲದಲ್ಲಿ ಜನರನ್ನು ಇಳಿಸಿ ಏರಿಸುವ ಯಂತ್ರ ನೋಡಿಕೊಳ್ಳುತ್ತಿದ್ದವನು ಅವನು. ಎಂಬತ್ತು ದಾಟಿದ ಮೇಲೂ ಪ್ರತಿ ವಸಂತದಲ್ಲಿ, ಹಿಮ ಕಚ್ಚಿ ಒಳಗೆಳೆಯುವ ಸುರುಳಿಗಳನ್ನು ಬಿಚ್ಚಿ, ಅವು ತಿರುಗುವ ದಂಡಕ್ಕೆ ಗ್ರೀಸು ಬಳಿದು, ಹಿಮ ಹಾರುವ ಕೊಳವೆಯ ಒಳಗೆ ಮೇಣ ಉಜ್ಜುತ್ತಿದ್ದ. ಬೆಲ್ಟ್ ಸವೆದರೆ ಆ ಯಂತ್ರದ್ದೇ ಬೆಲ್ಟ್ ಬರಬೇಕು, ಅದರ ಅಣ್ಣ ತಮ್ಮ ನಡೆಯುವುದಿಲ್ಲ.

ಡಾರ್ಲೀನ್ ಯಂತ್ರ ತಂದಳು, ಮನೆಯಿಂದ ರಸ್ತೆಯವರೆಗಿನ ಹಿಮ ತೆಗೆದು ದಾರಿ ಬಿಡಿಸಿದಳು, ಹಿಮದಡಿ ಮರೆತಿದ್ದ ಒಂದು ಸೌದೆ ತುಂಡಿನ ಮೇಲೆ ಹಾಯಿಸಿದಳು. ಪಿನ್ನು ಮುರಿಯಿತು. ಅದರಲ್ಲೇನೂ ತಪ್ಪಿಲ್ಲ. ಒಂದೊಂದು ಸುರುಳಿಯನ್ನೂ ದಂಡಕ್ಕೆ ಹಿಡಿದಿಡುವ ಆ ಪಿನ್ನನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಕಲ್ಲೋ ಕಟ್ಟಿಗೆಯೋ ಸಿಕ್ಕಿದರೆ ಅದು ಮುರಿಯುತ್ತದೆ, ಒಳಗಿನ ಗೇರು ಬದುಕುತ್ತದೆ.

ಆದರೆ ನಮ್ಮ ಬೀದಿಗೊಂದು ಮರ್ಯಾದೆ ಇದೆ. ಎರವಲು ತಂದ ಯಂತ್ರವನ್ನು ಟ್ಯಾಂಕು ತುಂಬಿಸಿ, ಒರೆಸಿ, ಮುರಿದದ್ದನ್ನು ಸರಿಮಾಡಿಯೇ ಹಿಂತಿರುಗಿಸಬೇಕು. ಕೊಟ್ಟವನ ಡಬ್ಬಿಯಲ್ಲಿರುವ ಬಿಡಿ ಪಿನ್ನಿಗೆ ಕೈ ಹಾಕುವುದು ಹೀನ ಕೆಲಸ. ಸುಲೋ ಅವತ್ತು ಸಂಜೆಗೇ ಬರುವವನಿದ್ದ. ಅಂಗಡಿಗೆ ಹೋಗುವ ರಸ್ತೆ ಹಿಮದಿಂದ ಸಂಜೆಯವರೆಗೆ ಮುಚ್ಚಿತ್ತು.

"ಏನ್ಮಾಡ್ಲಿ ವರ್ನರ್?" ಎಂದು ಡಾರ್ಲೀನ್ ಬಾಗಿಲಿಂದಲೇ ಕೂಗಿದಳು.

"ನೆಲಮಾಳಿಗೇಲಿ ಕಾಫಿ ಡಬ್ಬಿ ಇದೆ ನೋಡು, ಅಷ್ಟೇ ದಪ್ಪದ ಬೋಲ್ಟ್ ಸಿಗುತ್ತೆ. ತುರುಕು ಅತ್ಲಾಗೆ. ಬಗ್ಗಿ ನೋಡೋರು ಯಾರು?"

ನಲವತ್ತು ಚಳಿಗಾಲ ಯಂತ್ರ ತಳ್ಳಿದವನು ನಾನು. ಗಟ್ಟಿ ಬೋಲ್ಟ್ ಹಾಕಬಾರದು ಅಂತ ನನಗೆ ಗೊತ್ತಿತ್ತು. ನಾಳೆಯೇ ಸರಿಯಾದ ಪಿನ್ನು ತಂದು ಸದ್ದಿಲ್ಲದೆ ಬದಲಾಯಿಸೋಣ ಅಂದುಕೊಂಡೆ. ನಾಳೆ ಸೊಂಟ ನೋವು, ನಾಡಿದ್ದು ಸೋಮಾರಿತನ, ಆಚೆ ನಾಡಿದ್ದು ಮರೆವು.

ಮುಂದಿನ ವಾರ ಸುಲೋ, ನನ್ನ ಸೊಂಟದ ಮೇಲೆ ಕನಿಕರಪಟ್ಟು, ಹೇಳದೆ ಕೇಳದೆ ನಮ್ಮ ದಾರಿ ಬಿಡಿಸಲು ಬಂದ. ಪೇಪರಿನವನು ದಾರಿಗೆ ಎಸೆದು ಹೋಗಿದ್ದ, ನಾನು ಎತ್ತಿಕೊಳ್ಳದೆ ಬಿಟ್ಟಿದ್ದ ಭಾನುವಾರದ ಪೇಪರಿನ ಕಟ್ಟು ಹಿಮದಡಿ ಕಲ್ಲಾಗಿ ಕೂತಿತ್ತು. ಸುರುಳಿ ಅದನ್ನು ಕಚ್ಚಿತು. ಕಡ್ ಎಂದು ಒಂದು ಸದ್ದು, ಆಮೇಲೆ ಸದ್ದೇ ಇಲ್ಲ. ಬೋಲ್ಟ್ ಮುರಿಯಲಿಲ್ಲ, ಗೇರ್ ಬಾಕ್ಸಿನ ಹೊಟ್ಟೆ ಸೀಳಿ ಹಿಮದ ಮೇಲೆಲ್ಲ ಕರೀ ಎಣ್ಣೆ ಹರಿಯಿತು.

ಅವನು ಬಾಗಿಲಿಗೆ ಬಂದು ಟೋಪಿ ತೆಗೆದ.

"ನಿನ್ನ ಅಂಗಳ ಹೊಲಸು ಮಾಡಿಬಿಟ್ಟೆ, ಕ್ಷಮಿಸಪ್ಪ. ನನ್ನ ಕಿವಿ ಹೋಯ್ತು ಕಣೋ. ಮೊದಲಾಗಿದ್ರೆ ಸದ್ದು ಬದಲಾದ ಕೂಡ್ಲೇ ಹಿಡಿ ಬಿಟ್ಟು ಯಂತ್ರ ನಿಲ್ಲಿಸ್ತಿದ್ದೆ. ಈ ಸಲ ಕೈ ತಡವಾಯ್ತು."

ಅವನು ನನ್ನ ಕ್ಷಮೆ ಕೇಳಿದ! ನಾನು ಬಾಯಿಗೆ ಬೀಗ ಹಾಕಿಕೊಂಡು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನೆನಪಾದಾಗಲೆಲ್ಲ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಟಾರ್ಪಾಲು ಹೊದಿಸಿದ ಮಾರನೆಯ ದಿನ ಎಲ್ಮಾ ಕಾಫಿಗೆ ಬಂದಳು. ತಾನೇ ಬೇಯಿಸಿದ ಏಲಕ್ಕಿ ಬ್ರೆಡ್ಡು ತಂದಿದ್ದಳು. "ಪೇಟೆಯಲ್ಲಿ ವಯಸ್ಸಾದವರಿಗೆ ಅಂತ ಕಟ್ಟಿದಾರಲ್ಲ, ಅಲ್ಲೊಂದು ಮನೆ ಖಾಲಿ ಇದೆಯಂತೆ. ಶುಕ್ರವಾರ ಹೂಂ ಅಂತ ಹೇಳ್ಬೇಕು. ಇವರೇ ಹೋಗೋಣ ಅಂತಿದಾರೆ. ಇವರು! ಸಾಯೋವರೆಗೂ ಈ ಬೀದಿ ಬಿಡಲ್ಲ ಅಂತಿದ್ದೋರು," ಎಂದಳು. ಆಮೇಲೆ, "ಯಾಕೆ ವರ್ನರ್, ಬ್ರೆಡ್ಡು ಚೆನ್ನಾಗಿಲ್ವಾ?" ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು, "ನಾನೇನು ಮಾಡ್ದೆ?" ಎಂದುಬಿಟ್ಟೆ. ಡಾರ್ಲೀನ್ ಮೇಜಿನಡಿ ಒದ್ದಳು.

ಹೇಳುವ ಧೈರ್ಯವಿಲ್ಲದವನು ಸಾಮಾನು ಕೊಳ್ಳುತ್ತಾನೆ. ನಾನು ಅಂಗಡಿಗೆ ಹೋದೆ. ಅಲ್ಲಿಯವನು ಕೇಳಿದ, "ಆ ಗೇರ್ ಬಾಕ್ಸಿನಂಥದ್ದೇ ಇನ್ನೊಂದಿದೆ, ಅಗ್ಗ. ಕೊಡ್ಲಾ?" ಬೇಡ ಎಂದೆ. ಆ ಯಂತ್ರದ ನಂಬರು ಹೇಳಿ, ಅದರದ್ದೇ ಗೇರ್ ಬಾಕ್ಸು, ಅದರದ್ದೇ ಬೇರಿಂಗು, ಒಂದು ಪೊಟ್ಟಣ ಮೆತ್ತನೆ ಪಿನ್ನು ತೆಗೆದುಕೊಂಡೆ. ಆರಿಸುವುದು ಎಷ್ಟು ಚೆನ್ನಾಗಿ ಬರುತ್ತದೆ ನೋಡಿ ನನಗೆ, ಕಾಲ ಮಿಂಚಿದ ಮೇಲೆ.

ಪೆಟ್ಟಿಗೆ ಹೊತ್ತು ಸುಲೋನ ಶೆಡ್ಡಿಗೆ ಹೋದೆವು. ಅವನು ಸ್ಪಾನರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದ, ಯಾರಿಗೋ ಕೊಡಲಿಕ್ಕೆ.

"ಇಷ್ಟು ವರ್ಷ ನಮ್ಮ ಕಷ್ಟಕ್ಕೆ ಆಗಿದೀರಲ್ಲ, ಅದಕ್ಕೇ..." ಎಂದೆ.

ಅವನು ಪೆಟ್ಟಿಗೆಯ ಮೇಲಿನ ನಂಬರು ಓದಿ ಮೆಚ್ಚಿ ತಲೆದೂಗಿದ. "ಸರಿಯಾದ್ದೇ ತಂದಿದೀಯ. ಆದ್ರೆ ವಾಪಸು ಕೊಟ್ಬಿಡು. ಗೇರಿಗೆ ಬದಲಿ ಸಿಗುತ್ತೆ ಕಣೋ, ಕಿವಿಗೆ ಸಿಗುತ್ತಾ?"

ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಹಾಗೇನಿಲ್ಲ, ಕೆಲವು ಸಲ ಯಂತ್ರದ್ದೇ ಏನಾದ್ರೂ..." ಎಂದೆ.

"ಥೂ ನಿನ್ನ," ಎಂದಳು ಡಾರ್ಲೀನ್. "ಸುಲೋ, ನೀವಿಲ್ಲದಾಗ ನಾನು ಪಿನ್ನು ಮುರಿದೆ. ಅದರ ಜಾಗಕ್ಕೆ ಬೋಲ್ಟ್ ಹಾಕ್ದೆ."

"ನಾನು ಹಾಕ್ಸಿದೆ," ಎಂದೆ. "ಗಟ್ಟಿದು ಅಂತ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ."

ಸುಲೋ ಹಗ್ಗ ಬಿಚ್ಚಿದ, ಟಾರ್ಪಾಲು ಸರಿಸಿದ, ಮಂಡಿಯೂರಿ ಕೂತ. ಯಂತ್ರದ ಬಾಯೊಳಗೆ ಕೈ ಹಾಕಿ ಬಲಗಡೆಯ ಬೋಲ್ಟಿನ ತಲೆಯನ್ನು ಹೆಬ್ಬೆರಳಿನಿಂದ ಸವರಿದ. ಗಟ್ಟಿ ಬೋಲ್ಟಿನ ತಲೆಯ ಮೇಲೆ ಗೀಟುಗಳಿರುತ್ತವೆ, ಅವನಿಗೆ ಕಣ್ಣು ಬೇಕಿರಲಿಲ್ಲ. ಬಹಳ ಹೊತ್ತು ಹೆಬ್ಬೆರಳು ಅಲ್ಲೇ ಇತ್ತು.

"ಯಾವಾಗಿಂದ ಗೊತ್ತು ನಿಂಗೆ, ಇದರಿಂದಲೇ ಆದದ್ದು ಅಂತ?"

"ಸದ್ದು ಕೇಳಿದಾಗಿಂದ."

"ಕಾರಿನ ಕೀಲಿ ಎಲ್ಮಾಗೆ ಕೊಟ್ಬಿಟ್ಟೆ ಕಣೋ," ಎಂದ ಸುಲೋ. "ಆಪರೇಷನ್ ಆದ ಕಣ್ಣು ಅವಳದ್ದು, ಆದ್ರೂ ಕೊಟ್ಟೆ. ಕಾಫಿ ಲೋಟಾನೂ ಎರಡೂ ಕೈಲಿ ಹಿಡೀತಿದೀನಿ. ನನ್ನ ಕೈ ಕಂಡ್ರೆ ನಂಗೇ ಭಯ." ಎದ್ದು ನಿಂತು ನನ್ನ ಮುಖ ನೋಡಿದ. "ಬೋಲ್ಟಿಗೇನು, ಅದಕ್ಕೆ ಬುದ್ಧಿಯಿಲ್ಲ. ನಾನು ಟಾರ್ಪಾಲು ಹೊದಿಸೋದನ್ನ ನೀನು ಕಿಟಕೀಲಿ ನಿಂತು ನೋಡ್ತಿದ್ಯಲ್ಲೋ."

ಅವನು ಬೈದಿದ್ದರೆ ಚೆನ್ನಾಗಿತ್ತು.

"ಸರಿ, ಪೆಟ್ಟಿಗೆ ಅಲ್ಲಿಟ್ಟು ಹೋಗಿ," ಎಂದ.

ಕೈಜೋಡಿಸುತ್ತೇನೆ ಎಂದೆ. "ಹೋಗು ಅಂದೆ," ಎಂದ.

ಆಮೇಲೆ ಶೆಡ್ಡಿನಿಂದ ಸುತ್ತಿಗೆಯ ಸದ್ದು ಕೇಳತೊಡಗಿತು. ಶುಕ್ರವಾರ ಪೇಟೆಯ ಆ ಮನೆ ಬೇಡ ಎಂದರಂತೆ, ಚರ್ಚಿನಲ್ಲಿ ಎಲ್ಮಾ ಡಾರ್ಲೀನಳಿಗೆ ಹೇಳಿದಳು. ಹೇಳಿ, ಬೇರೆ ಬೆಂಚಿಗೆ ಹೋಗಿ ಕೂತಳಂತೆ.

ಮತ್ತೆ ಹಿಮ ಬಿತ್ತು, ಮೊಣಕಾಲುದ್ದ. ಬೆಳಗ್ಗೆ ಯಂತ್ರದ ಸದ್ದಿಗೆ ಎದ್ದು ಕಿಟಕಿಗೆ ಬಂದೆ. ಸುಲೋ ತನ್ನ ದಾರಿ ಬಿಡಿಸಿದ, ಆಚೆ ಮನೆಯವರದ್ದು ಬಿಡಿಸಿದ, ಎದುರುಗಡೆಯ ವಿಧವೆಯದ್ದೂ ಬಿಡಿಸಿದ. ಒಂದು ಕಡೆ ಏನೋ ಸಿಕ್ಕಿತು. ಸದ್ದು ಬದಲಾದದ್ದು ನನಗೆ ಗೊತ್ತಾಗುವ ಮೊದಲೇ ಅವನು ಹಿಡಿ ಬಿಟ್ಟಿದ್ದ. ಬಗ್ಗಿ ಕಲ್ಲು ತೆಗೆದು ಎಸೆದು ಮುಂದೆ ಹೋದ. ಸಂತೋಷಕ್ಕೆ ಡಾರ್ಲೀನಳನ್ನು ಕೂಗಿ ಕಿಟಕಿಗೆ ಕರೆದೆ.

ಆಮೇಲೆ ನಮ್ಮ ಕಡೆಗೆ ಬಂದ. ನಮ್ಮ ದಾರಿ ಶುರುವಾಗುವಲ್ಲಿ ಯಂತ್ರ ತಿರುಗಿಸಿದ. ಒಂದು ಅಂಗುಲವೂ ಈಚೆ ಬರಲಿಲ್ಲ. ಚಾಕುವಿನಲ್ಲಿ ಬೆಣ್ಣೆ ಕೊಯ್ದ ಹಾಗೆ ನೆಟ್ಟಗಿತ್ತು ಹಿಮದ ಆ ಅಂಚು. ಆ ಕೈಯಲ್ಲಿ ಯಾವ ಊನವೂ ಇರಲಿಲ್ಲ.

"ನಮ್ಮದು ಬಿಟ್ಟರು," ಎಂದಳು ಡಾರ್ಲೀನ್.

"ಹೂಂ," ಎಂದೆ. ಸೊಂಟಕ್ಕೆ ಪಟ್ಟಿ ಬಿಗಿದು, ಬೂಟು ಹಾಕಿಕೊಂಡು, ಸಲಿಕೆ ಹಿಡಿದು ಹೊರಗೆ ಹೋದೆ. ಮೊದಲು ಹಿಮ ಕೆದಕಿ ಆ ದಿನದ ಪೇಪರು ಎತ್ತಿಕೊಂಡೆ.