ಅಮ್ಮಯಮ್ಮನ ಸೊಪ್ಪಿನ ಮಡಿಗಳು

ಸಮೇತನಹಳ್ಳಿಯ ಅಮ್ಮಯಮ್ಮನ ಮನೆಯ ಹಿಂದೆ ಎರಡು ಗುಂಟೆ ಹಿತ್ತಿಲಿತ್ತು. ಬಚ್ಚಲ ನೀರು ಅಲ್ಲೇ ಹರಿದು, ನಿಂತು, ನಾರುತ್ತಿತ್ತು. ಸೊಳ್ಳೆಗಳಿಗೆ ಮಾತ್ರ ಸುಗ್ಗಿ! ಅಮ್ಮಯಮ್ಮ ಊರಿನ ದೊಡ್ಡ ಒಕ್ಕಲು ಮನೆಯ ಯಜಮಾನಿ. ಹೊಲದ ಕೆಲಸಕ್ಕೆ ಆಳುಗಳಿದ್ದರು. ಐವತ್ತೈದು ವರ್ಷವಾದರೂ ಆಕೆ ಗುದ್ದಲಿ ಹಿಡಿದವಳಲ್ಲ. ಅದೇ ಆಕೆಗೊಂದು ಜಂಬ.

ಸೊಸೆ ಮುನಿರತ್ನಮ್ಮ ತವರಿನಿಂದ ನುಗ್ಗೆಯ ಕೊಂಬೆ ತಂದು ಹಿತ್ತಿಲಲ್ಲಿ ನೆಟ್ಟಳು. ಅತ್ತೆ ಅದನ್ನು ಕಿತ್ತು ಬೇಲಿಯಾಚೆ ಎಸೆದಳು.

“ಮನೆ ಹಿಂದೆ ನುಗ್ಗೆ ಮರ ಇದ್ರೆ ದೆವ್ವ ಬಂದು ಕೂತ್ಕೊಳ್ತದೆ. ಅಷ್ಟೂ ಗೊತ್ತಾಗಲ್ವೇನೇ ನಿಂಗೆ?”

ಗ್ರಾಮಸೇವಿಕೆ ಗಂಗಲಕ್ಷ್ಮಮ್ಮ ಹರಿವೆ ಬೀಜದ ಪೊಟ್ಟಣ ಹಿಡಿದು ಬಂದಾಗಲೂ ಅದೇ ಕಥೆ.

“ಅಮ್ಮಯಮ್ಮೋರೇ, ಬಚ್ಚಲು ನೀರಿಗೆ ಕಾಲುವೆ ತೆಗೆದು ಸೊಪ್ಪು ಹಾಕಿ. ಮೊಮ್ಮಗಳಿಗೆ ದಿನಾ ತಿನ್ಸಿ, ಕಣ್ಣಿಗೆ ಒಳ್ಳೇದು.”

“ಸೊಪ್ಪು ಕಿತ್ಕೊಂಡು ತಿನ್ನೋಕೆ ನಾವೇನು ಗತಿಗೆಟ್ಟೋರಾ? ಎಳೇ ಮಗೂಗೆ ಸೊಪ್ಪು ಕೊಟ್ರೆ ಭೇದಿ ಕಿತ್ಕೊಳ್ತದೆ. ಹೋಗ್ಬಾ ತಾಯಿ!”

ಮೊಮ್ಮಗಳು ಮುತ್ಯಾಲಿಗೆ ಆಗ ಮೂರು ವರ್ಷ. ಮುದ್ದೆ, ಬೇಳೆ ಸಾರು, ಹೊಟ್ಟೆ ತುಂಬ ಊಟ. ಆದರೂ ಮುಸ್ಸಂಜೆಯಾದರೆ ಮಗು ಹೊಸ್ತಿಲು ಎಡವತೊಡಗಿತು. ಒಂದು ಸಂಜೆ ಹಾಲಿನ ಚೆಂಬಿಗೆ ಕಾಲು ತಗುಲಿ ಹಾಲೆಲ್ಲ ಚೆಲ್ಲಿತು.

“ಕಣ್ಣು ಕಾಣಲ್ವೇನೇ ಕತ್ತೆ!” ಎಂದು ಅಮ್ಮಯಮ್ಮ ಬೆನ್ನಿಗೆ ಗುದ್ದಿದಳು.

“ಕಾಣಲ್ಲ ಅಜ್ಜಿ” ಎಂದು ಮಗು ಅತ್ತಿತು. ಯಾರು ಕೇಳಿಸಿಕೊಂಡರು? ಡಾಕ್ಟರಿಗೆ ತೋರಿಸೋಣವೆಂದು ಸೊಸೆ ಗೋಗರೆದರೆ, ಅತ್ತೆ ದೃಷ್ಟಿ ತಾಕಿದೆಯೆಂದು ಮೆಣಸಿನಕಾಯಿ ನಿವಾಳಿಸಿದ್ದೇ ನಿವಾಳಿಸಿದ್ದು. ಎರಡು ತಿಂಗಳು ಹಾಗೇ ಕಳೆಯಿತು. ಕೊನೆಗೆ ಎಡಗಣ್ಣಿನಲ್ಲಿ ಬಿಳಿ ಹೂವು ಬಿದ್ದಾಗ ಎದ್ದುಬಿದ್ದು ಹೊಸಕೋಟೆಯ ಆಸ್ಪತ್ರೆಗೆ ಓಡಿದರು.

“ಬಲಗಣ್ಣಿಗೆ ಔಷಧ ಕೊಡ್ತೀನಿ, ಉಳೀತದೆ. ಎಡಗಣ್ಣು ಹೋಯ್ತು” ಎಂದರು ಡಾಕ್ಟರು. “ಸಂಜೆ ಹೊತ್ತು ಕಾಣಲ್ಲ ಅಂದಾಗ್ಲೇ ಬಂದಿದ್ರೆ ಎರಡೂ ಉಳೀತಿತ್ತಲ್ಲಮ್ಮ. ಸೊಪ್ಪು, ಪರಂಗಿಹಣ್ಣು ಏನೂ ಕೊಡ್ತಿರ್ಲಿಲ್ವಾ? ಅದಿಲ್ದೇನೇ ಹೀಗಾಗಿರೋದು.”

ಅಯ್ಯೋ, ಕಾಣಲ್ಲ ಅಂದ ಮಗುವನ್ನು ಹೊಡೆದೆನಲ್ಲಾ ಎಂದು ಅಮ್ಮಯಮ್ಮ ದಾರಿಯುದ್ದಕ್ಕೂ ಮುತ್ಯಾಲಿಯನ್ನು ಮಡಿಲಿನಿಂದ ಇಳಿಸಲಿಲ್ಲ.

ಮಾರನೆಯ ದಿನ ಆಕೆಯೇ ಗ್ರಾಮಸೇವಿಕೆಯ ಬಾಗಿಲಿಗೆ ಹೋದಳು. “ಹೇಳ್ಕೊಡು ತಾಯಿ. ನಂಗೇನೂ ಗೊತ್ತಿಲ್ಲ” ಎಂದಳು. ಹಾಗೆ ಹೇಳಿದ್ದು ಜೀವಮಾನದಲ್ಲೇ ಮೊದಲು.

ಬಚ್ಚಲ ನೀರಿಗೆ ಕಾಲುವೆ ತೋಡುವಷ್ಟರಲ್ಲಿ ಗುದ್ದಲಿ ಹಿಡಿದ ಅಂಗೈಯಲ್ಲಿ ಬೊಬ್ಬೆ ಎದ್ದವು. ಮೊದಲ ಸಲ ಹರಿವೆ ಬೀಜ ಆಳಕ್ಕೆ ಹಾಕಿದ್ದರಿಂದ ಒಂದೂ ಮೊಳೆಯಲಿಲ್ಲ. ಸಾಸಿವೆಗಿಂತ ಸಣ್ಣ ಬೀಜ, ಮರಳಿನ ಜೊತೆ ಬೆರೆಸಿ ಮೇಲೆಮೇಲೆ ಉದುರಿಸಬೇಕೆಂದು ಸೊಸೆ ತೋರಿಸಿಕೊಟ್ಟಳು. ಅತ್ತೆ ಹಾಗೇ ಮಾಡಿ ಕಲಿತಳು. ನುಗ್ಗೆ ಕೊಂಬೆಯನ್ನೂ ತಾನೇ ಕೇಳಿ ತರಿಸಿ ನೆಟ್ಟಳು. ಬಚ್ಚಲ ನೀರು ಹರಿದಲ್ಲೆಲ್ಲ ಹರಿವೆ, ಮೆಂತ್ಯ, ಪರಂಗಿ ಎದ್ದು ನಿಂತವು. ಸೊಪ್ಪಿನ ಸಾರು ತಿಂದು ಮುತ್ಯಾಲಿಗೆ ಭೇದಿಯೂ ಆಗಲಿಲ್ಲ, ಯಾವ ದೆವ್ವವೂ ಬರಲಿಲ್ಲ.

ವರ್ಷವಾದ ಮೇಲೆ ನೆರೆಮನೆಯ ಸೊಣ್ಣಮ್ಮ ಕಂಕುಳಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಬಂದಳು. “ಎಂಥಾ ತೋಟ ಮಾಡಿದ್ದೀಯಕ್ಕಾ! ಈ ವಯಸ್ಸಲ್ಲಿ ಎಷ್ಟು ಕಲ್ತ್ಬಿಟ್ಟೆ!”

ಅಷ್ಟರಲ್ಲಿ ಓಡಿಬಂದ ಮುತ್ಯಾಲಿ ಎಡಗಡೆಯ ಪರಂಗಿ ಗಿಡ ಕಾಣದೆ ಅದಕ್ಕೆ ಹಣೆ ತಗುಲಿಸಿಕೊಂಡಳು. ಅಮ್ಮಯಮ್ಮ ಮಗುವನ್ನು ಅವಚಿಕೊಂಡಳು.

“ಹೊಗಳ್ಬೇಡ ಕಣೆ. ನಾನು ಕಲಿಯೋಕೆ ಈ ಮಗು ಒಂದು ಕಣ್ಣು ಕೊಡ್ಬೇಕಾಯ್ತು. ಬೀಜ ಕೊಡ್ತೀನಿ, ಇವತ್ತೇ ಹೋಗಿ ಹಾಕು.”

ತಾಯಂದಿರೇ, ಅಜ್ಜಿಯರೇ, ನಿಮ್ಮ ಬಚ್ಚಲ ನೀರು ಎಲ್ಲಿ ಹೋಗುತ್ತಿದೆ, ಈಗಲೇ ಎದ್ದು ನೋಡಿ. ಅಲ್ಲಿ ನಾಲ್ಕು ಮಡಿ ಸೊಪ್ಪು ಹಾಕಿ, ಮಕ್ಕಳಿಗೆ ದಿನವೂ ತಿನ್ನಿಸಿ. ಸಂಜೆ ಮಗು ಎಡವಿದರೆ ಬೈಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಮ್ಮಯಮ್ಮ ತಡ ಮಾಡಿದಳು. ನೀವು ಮಾಡಬೇಡಿ.