ಮಂತ್ರಿ ಗೆದ್ದ ಸಹಿ

ಸಂತ ಹರಾಲಂಬೋಸನ ದಿನ. ಆ ಹೆಸರಿಟ್ಟುಕೊಂಡವರ ಮನೆಬಾಗಿಲು ಅಂದು ತೆರೆದೇ ಇರಬೇಕು. ಯಾರನ್ನೂ ಕರೆಯುವಂತಿಲ್ಲ, ಬಂದವರನ್ನು ಬಾಯಿ ಸಿಹಿಮಾಡದೆ ಕಳಿಸುವಂತಿಲ್ಲ. ಅಥೆನ್ಸಿನ ಮೂರನೆಯ ಮಹಡಿಯ ಮನೆಯಲ್ಲಿ ಕೃಷಿಮಂತ್ರಿ ಹರಾಲಂಬೋಸ್ ವ್ರೆತ್ತಾಸ್ ಬೆಳಗಿನಿಂದ ಕೋಟು ತೊಟ್ಟು ಕೂತಿದ್ದ. ಮಧ್ಯಾಹ್ನವಾದರೂ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಿಲ್ಲ.

"ಊರೇ ಹಸಿದು ಸಾಯ್ತಿದೆ. ಮೂರು ಮಹಡಿ ಹತ್ತೋ ತ್ರಾಣ ಯಾರಿಗಿದೆ ಹೇಳಿ?" ಎಂದಳು ಹೆಂಡತಿ ಅಸ್ಪಾಸಿಯಾ. ಸಕ್ಕರೆ ಇಲ್ಲದ್ದಕ್ಕೆ ಒಣದ್ರಾಕ್ಷಿಯ ಪಾಕದಲ್ಲಿ ಬೇಯಿಸಿದ್ದ ಕಿತ್ತಳೆ ಸಿಪ್ಪೆಯ ತಟ್ಟೆಗೆ ಬಟ್ಟೆ ಮುಚ್ಚಿದಳು. ಹೋದ ವರ್ಷ ಅವನು ಬರೀ ಕಾಲೇಜು ಮೇಷ್ಟ್ರು. ಕುರ್ಚಿ ಸಾಲದೆ ಜನ ಕಿಟಕಿಕಟ್ಟೆಯ ಮೇಲೆ ಕೂತಿದ್ದರು.

ವ್ರೆತ್ತಾಸ್ ತನ್ನ ಗೆಲುವನ್ನು ನೆನೆದು ಸಮಾಧಾನಪಟ್ಟುಕೊಳ್ಳಲು ನೋಡಿದ. ಬೆಟ್ಟದ ಊರುಗಳಿಂದ ಎರಡು ಸಾವಿರ ಹೇಸರಗತ್ತೆ ಬೇಕೆಂದು ದೇಶವನ್ನು ವಶಪಡಿಸಿಕೊಂಡಿದ್ದ ಜರ್ಮನ್ ಸೇನೆ ಕೇಳಿತ್ತು. ಮೇಜರ್ ಹೆಲ್ವಿಗ್ ತನ್ನದೇ ಸಹಿಯ ಆಜ್ಞೆ ಅಚ್ಚು ಹಾಕಿಸಲು ಹೊರಟಿದ್ದ. ವ್ರೆತ್ತಾಸ್ ಮೇಜು ಗುದ್ದಿದ್ದ: ಗ್ರೀಕ್ ರೈತನಿಗೆ ಹೋಗುವ ಆಜ್ಞೆ ಗ್ರೀಕ್ ಭಾಷೆಯಲ್ಲಿ, ಗ್ರೀಕ್ ಮಂತ್ರಿಯ ಸಹಿಯಲ್ಲಿ ಹೋಗಬೇಕು, ಇಲ್ಲಿ ಇನ್ನೂ ಒಂದು ಸರ್ಕಾರವಿದೆ! ನಾಲ್ಕು ದಿನ ಜಗಳ. ಕೊನೆಗೆ ಮೇಜರ್ ಸುಸ್ತಾಗಿ, "ನನ್ನ ಸಹಿಯೇ ಇರಲಿ ಬಿಡಿ ಮಂತ್ರಿಗಳೇ, ಐನೂರು ಕಮ್ಮಿ ಮಾಡ್ತೀನಿ" ಎಂದಿದ್ದ.

"ನಮ್ಮ ಅಧಿಕಾರ ಚೌಕಾಸಿಗಿಲ್ಲ" ಎಂದಿದ್ದ ವ್ರೆತ್ತಾಸ್. ಕಚೇರಿಯವರು ಚಪ್ಪಾಳೆ ತಟ್ಟಿದ್ದರು. ಅದೆಂಥ ಶೌರ್ಯ! ಆ ಐನೂರರ ಮಾತನ್ನು ಮಾತ್ರ ಅವನು ಹೆಂಡತಿಗೂ ಹೇಳಿರಲಿಲ್ಲ.

ತೆರೆದ ಬಾಗಿಲಲ್ಲಿ ಯಾರೋ ಏದುಸಿರು ಬಿಟ್ಟರು. ಚಿಕ್ಕಪ್ಪನ ಮಗ ಫೋಟಿಸ್. ಊರಿಂದ ಎರಡು ದಿನ ನಡೆದು ಬಂದಿದ್ದ, ಕಾಲಿಗೆ ಗೋಣಿಚೀಲ ಸುತ್ತಿಕೊಂಡಿದ್ದ.

"ನೂರು ಕಾಲ ಬಾಳು ಲಾಂಬಿ. ಹಬ್ಬಕ್ಕೆ ಬರಿಗೈಲಿ ಬರಬಾರದಲ್ಲ" ಎಂದು ಬಾಲ್ಯದ ಹೆಸರಿಂದ ಕರೆಯುತ್ತ ಅವನು ತಟ್ಟೆಯ ಪಕ್ಕ ಒಂದು ಹೇಸರಗತ್ತೆಯ ಕೊರಳಹಗ್ಗ ಇಟ್ಟ. ದೃಷ್ಟಿಯಾಗದಿರಲೆಂದು ಕಟ್ಟಿದ್ದ ನೀಲಿಮಣಿ ಅದರಲ್ಲಿ ಹಾಗೇ ಇತ್ತು.

"ಕೂತ್ಕೊ ಫೋಟಿ, ಸಿಹಿ ತಗೊ."

"ಮೊದಲು ಕೇಳು. ಅದು ಜರ್ಮನ್ನವನ ಕಾಗದ ಆಗಿದ್ದಿದ್ರೆ ಅವರಿಗೆ ಒಂದು ಬಾಲಾನೂ ಸಿಗ್ತಿರ್ಲಿಲ್ಲ. ನಾವು ಚಿಕ್ಕೋರಿದ್ದಾಗ ಬಚ್ಚಿಟ್ಕೊಳ್ತಿದ್ವಲ್ಲ ಗವಿ, ಅಲ್ಲಿಗೆ ಹೊಡ್ಕೊಂಡು ಹೋಗೋಕೆ ಎಲ್ರೂ ತಯಾರಾಗಿದ್ರು. ಆಮೇಲೆ ಕಾಗದದ ಕೆಳಗೆ ನಿನ್ನ ಹೆಸರು ನೋಡ್ದೆ. ಓದೋಕೆ ಬರ್ದೋರಿಗೆ ನಾನೇ ಓದಿ ಹೇಳ್ದೆ. ನಮ್ಮ ಲಾಂಬಿ ಕಣ್ರೋ, ಉಳುಮೆ ಹೊತ್ತಿಗೆ ವಾಪಸ್ ಕೊಡಿಸ್ತಾನೆ, ಇಲ್ದಿದ್ರೆ ಸಹಿ ಹಾಕ್ತಿದ್ನಾ ಅಂದೆ. ನಂದನ್ನ ನಾನೇ ಮೊದಲು ಇಳಿಸ್ಕೊಂಡು ಹೋದೆ. ಹಿಂದೆ ಊರೇ ಬಂತು."

ಅಸ್ಪಾಸಿಯಾ ಗೋಡೆ ನೋಡುತ್ತ ನಿಂತಳು.

"ವಾಪಸ್ ಬರ್ತವಾ, ಲಾಂಬಿ?"

"ಫೋಟಿ, ಅದು..."

"ಬರ್ತವೋ ಇಲ್ವೋ?"

"ಇಲ್ಲ."

ವ್ರೆತ್ತಾಸನ ಮುಖ ಕಿವಿಯವರೆಗೂ ಕೆಂಪಾಯಿತು. ಜರ್ಮನ್ ಬಂದೂಕು ಮಾಡಲಾಗದ ಕೆಲಸವನ್ನು ತನ್ನ ಹೆಸರು ಮಾಡಿತ್ತು, ಅದೂ ತಾನು ಹೊಡೆದಾಡಿ ಪಡೆದ ಜಾಗದಲ್ಲಿ ಕೂತು.

"ಮೇಲಿನ ಮೂರು ಊರು ಇನ್ನೂ ಕೊಟ್ಟಿಲ್ಲ" ಎಂದ ಫೋಟಿಸ್. "ಭಾನುವಾರ ಇಳಿಸ್ತಾರೆ. ನನ್ನ ಮಾತು ಈಗ ನಾಯೀನೂ ಕೇಳಲ್ಲ. ನೀನೇ ಬಾ. ಚರ್ಚಿನ ಮುಂದೆ ನಿಂತು, ಆ ಸಹಿ ನಂಬಬೇಡಿ ಅಂತ ಒಂದು ಮಾತು ಹೇಳು. ಅಷ್ಟೇ ಸಾಕು."

ಆ ಒಂದು ಮಾತಿಗೆ ಗುಂಡೇಟು ಬೀಳುತ್ತದೆಂದು ಇಬ್ಬರಿಗೂ ಗೊತ್ತಿತ್ತು. ವ್ರೆತ್ತಾಸ್ ಎದ್ದ. ಟೋಪಿ ಹಾಕಿಕೊಂಡ. ಹೊಸ್ತಿಲವರೆಗೂ ಹೋದ, ಅದು ಸುಳ್ಳಲ್ಲ.

ಫೋನು ಬಡಿದುಕೊಂಡಿತು.

"ಒಂದು ನಿಮಿಷ, ಫೋಟಿ."

ಮೇಜರ್ ಹೆಲ್ವಿಗ್. ಹಬ್ಬದ ಶುಭಾಶಯ ಹೇಳಿದ. ಗಾಣಗಳಲ್ಲಿರುವ ಆಲಿವ್ ಎಣ್ಣೆ ವಶಕ್ಕೆ ಪಡೆಯುವ ಆಜ್ಞೆ ಸಿದ್ಧವಾಗಿದೆ ಎಂದ. "ಈ ಸಲ ಜಗಳ ಬೇಡ ಮಂತ್ರಿಗಳೇ. ನಿಮ್ಮ ಹೆಸರೇ ಹಾಕಿಸಿದ್ದೀನಿ. ನೀವು ಹೇಳಿದ್ದೇ ಸರಿ, ನಿಮ್ಮ ಸಹಿ ಇದ್ರೆ ಕೆಲಸ ಸಲೀಸು."

ಬೇಡ ಎನ್ನಬೇಕಿತ್ತು. ಫೋಟಿಸ್ ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದ. ವ್ರೆತ್ತಾಸ್ ಬಾಯಿ ತೆರೆದ. ಅದರಿಂದ ಹೊರಟಿದ್ದು ಇಷ್ಟು:

"ಗ್ರೀಕ್ ಭಾಷೆಯಲ್ಲೇ ಇದೆ ತಾನೆ?"

ತಿರುಗಿ ನೋಡಿದಾಗ ಬಾಗಿಲು ಖಾಲಿ. ಗೋಣಿ ಸುತ್ತಿದ ಕಾಲುಗಳು ಮೆಟ್ಟಿಲಿಳಿಯುವ ಮೆತ್ತನೆಯ ಸದ್ದು ಬಹಳ ಹೊತ್ತು ಕೇಳಿಸಿತು. ಅಸ್ಪಾಸಿಯಾ ಸಿಹಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹಗ್ಗವನ್ನು ಮುಟ್ಟಲಿಲ್ಲ.